ಮನೆ ಹಿಂದಿನ ಮರಕ್ಕೆ ಸಿಡಿಲು ಬಡಿದ ಮೇಲೆ ಕಾರು ಸ್ಟಾರ್ಟ್ ಆಗುತ್ತಿಲ್ಲ. ಇಸಿಎಂ ಹೋಗಿದೆ ಅಂತಾರೆ, ನಿಜಾನಾ?

ಹೋಗಿರಬಹುದು. ಆದರೆ ನೀವು ಬರೆದಿದ್ದನ್ನು ಓದಿದರೆ, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆಯೋ ಇಲ್ಲವೋ ಅಂತ ಇನ್ನೂ ಯಾರೂ ನೋಡಿಯೇ ಇಲ್ಲ ಅನಿಸುತ್ತದೆ.

ನೀವು ಹೇಳಿದ್ದು ಇಷ್ಟು. ಪಾಂಡವಪುರದ ಹತ್ತಿರ ಮನೆ, 2018ರ ಪೆಟ್ರೋಲ್ ಕಾರು. ರಾತ್ರಿ ಮಳೆಯಲ್ಲಿ ಹಿತ್ತಲ ತೆಂಗಿನ ಮರಕ್ಕೆ ಸಿಡಿಲು ಬಡಿದು ಸುಳಿ ಸುಟ್ಟಿತು. ಟಿವಿ, ಮೋಡೆಮ್ ಎರಡೂ ಹೋದವು. ಶೆಡ್ಡಿನಲ್ಲಿ ಕಾರಿನ ಬ್ಯಾಟರಿಗೆ ಚಾರ್ಜರ್ ಹಾಕಿಟ್ಟಿದ್ದಿರಿ. ಬೆಳಿಗ್ಗೆ ನೋಡಿದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಸ್ಟೀರಿಂಗ್ ದೀಪಗಳು ಉರಿಯುತ್ತಲೇ ಇವೆ. ಗ್ಯಾರೇಜಿನವರು ಸ್ಕ್ಯಾನರ್ (ಗಾಡಿಯ ದೋಷದ ಕೋಡ್ ಓದುವ ಸಾಧನ) ಹಾಕಿದರು, ಯು0100 ಅಂತ ಕೋಡ್ ಬಂತು, ಇಸಿಎಂಗೆ 48 ಸಾವಿರ ಅಂದರು.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಕಾರ್ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಭರಣಿ ಮಳೆ ಶುರುವಾದರೆ ವರ್ಷಕ್ಕೆ ಎರಡು ಮೂರು ಇಂಥ ಗಾಡಿ ಬಂದೇ ಬರುತ್ತವೆ. ಎಲ್ಲರದ್ದೂ ಒಂದೇ ಮಾತು: "ಇಸಿಎಂ ವೋಗದೆ ಅಂತವ್ರೆ ಅಣ್ಣ."

ಮೊದಲು ಆ ಕೋಡ್ ವಿಷಯ. ಯು0100 ಅಂದರೆ ಇಸಿಎಂ ಸತ್ತಿದೆ ಅಂತಲ್ಲ. ಗಾಡಿಯ ಬೇರೆ ಯೂನಿಟ್‌ಗಳು, ಅಂದರೆ ಎಬಿಎಸ್, ಏರ್‌ಬ್ಯಾಗ್ ಥರದ ಭಾಗಗಳ ಚಿಕ್ಕ ಕಂಪ್ಯೂಟರ್‌ಗಳು, ಬರೆದಿಟ್ಟ ದೂರು ಅದು. "ಇಸಿಎಂನ ಕರೆದೆವು, ಓಗೊಡಲಿಲ್ಲ" ಅಂತ. ಪಕ್ಕದ ಮನೆ ಬಾಗಿಲು ತಟ್ಟಿದಾಗ ಯಾರೂ ತೆಗೆಯಲಿಲ್ಲ ಅಂದರೆ ಒಳಗಿನವರು ನಿದ್ದೆ ಹೊಡೆಯುತ್ತಿರಬಹುದು, ಊರಿಗೆ ಹೋಗಿರಬಹುದು, ಕಾಲಿಂಗ್ ಬೆಲ್ಲಿನ ವೈರೇ ಕಿತ್ತು ಬಂದಿರಬಹುದು. ಇಸಿಎಂಗೆ ಕರೆಂಟ್ ಬರದಿದ್ದರೂ ಯು0100, ಅದರ ಅರ್ಥ್ ಬಿಟ್ಟಿದ್ದರೂ ಯು0100. ಬೇರೆ ಯಾವುದೋ ಯೂನಿಟ್ ಸುಟ್ಟು ಮಾತಾಡುವ ತಂತಿಯನ್ನು ಶಾರ್ಟ್ ಮಾಡಿದ್ದರೂ ಯು0100 ಬರುತ್ತದೆ.

ಸಿಡಿಲು ಎಲ್ಲಿಂದ ಒಳಗೆ ಬಂತು ಅಂತ ಹುಡುಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಸಿಡಿಲಿನಲ್ಲಿ ಸಾಮಾನ್ಯವಾಗಿ 30 ಸಾವಿರ ಆಂಪಿಯರ್‌ನಷ್ಟು ಕರೆಂಟ್ ಕಣ್ಣು ಮಿಟುಕಿಸುವ ಮೊದಲೇ ಹರಿದು ಹೋಗುತ್ತದೆ. ಅದು ಕಾರಿಗೇ ಬಡಿಯಬೇಕು ಅಂತೇನಿಲ್ಲ. ಹತ್ತಿರ ಬಿದ್ದರೂ ಸಾಕು, ಉದ್ದನೆಯ ತಂತಿಗಳಲ್ಲಿ ಒಂದು ಕ್ಷಣ ಜೋರು ವೋಲ್ಟೇಜ್ ಹುಟ್ಟುತ್ತದೆ. ಮನೆಯ ಅರ್ಥಿಂಗ್ ಕೂಡ ಆ ಕ್ಷಣಕ್ಕೆ ಮೇಲೇಳುತ್ತದೆ. ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದರೆ ನಿಮ್ಮ ಕಾರು ಬಹುಶಃ ಬಚಾವಾಗುತ್ತಿತ್ತು. ಆದರೆ ಚಾರ್ಜರ್ ಇತ್ತಲ್ಲ! ಮನೆ ಲೈನಿಗೂ ಕಾರಿಗೂ ನೀವೇ ಸೇತುವೆ ಕಟ್ಟಿಕೊಟ್ಟ ಹಾಗಾಯಿತು. ಹಾಗಾಗಿ ಮೊದಲು ಆ ಚಾರ್ಜರ್ ಮೂಸಿ ನೋಡಿ. ತಮಾಷೆಯಲ್ಲ, ಸುಟ್ಟ ಬೋರ್ಡಿನ ವಾಸನೆ ವಾರವಾದರೂ ಹೋಗುವುದಿಲ್ಲ. ಸುಟ್ಟಿದ್ದರೆ ದಾರಿ ಸಿಕ್ಕಿತು. ಆಗ ಬ್ಯಾಟರಿಗೆ ನೇರ ಸೇರಿರುವ ದೊಡ್ಡ ಫ್ಯೂಸ್‌ಗಳು, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು), ಎಬಿಎಸ್, ಸ್ಟೀರಿಂಗ್ ಯೂನಿಟ್ ಮೇಲೆ ಅನುಮಾನ ಜಾಸ್ತಿ. ಚಾರ್ಜರ್ ಚೆನ್ನಾಗಿದ್ದರೆ ಸಿಡಿಲಿನ ಕಥೆಯನ್ನೇ ಸ್ವಲ್ಪ ಅನುಮಾನದಿಂದ ನೋಡಿ.

ಯಾಕೆ ಹೇಳುತ್ತೇನೆ ಅಂದರೆ, ಹೋದ ವರ್ಷ ಒಬ್ಬರು ಗಾಡಿ ಎಳೆಸಿಕೊಂಡು ಬಂದರು. ಸಿಡಿಲು ಬಡಿದಿದ್ದು ನಿಜ, ಸ್ಟಾರ್ಟ್ ಆಗದಿದ್ದದ್ದೂ ನಿಜ. ಬಾನೆಟ್ ತೆಗೆದರೆ ಇಂಜೆಕ್ಟರ್ ವೈರಿಂಗ್ ಪಕ್ಕ ಕಬ್ಬಿನ ಸಿಪ್ಪೆ. ಮನೆ ಪಕ್ಕದ ಗದ್ದೆಯಲ್ಲಿ ಕಟಾವು ನಡೆದಿತ್ತು, ಇಲಿಗಳೆಲ್ಲ ಗುಳೆ ಎದ್ದು ಇವರ ಎಂಜಿನ್ ಮೇಲೆ ಬಿಡಾರ ಹೂಡಿದ್ದವು. ಎರಡು ವೈರ್ ಜೋಡಿಸಿದೆ, ಗಾಡಿ ಹೋಯಿತು. ನಮ್ಮ ಕಡೆ ಸಿಡಿಲಿಗಿಂತ ಇಲಿಯೇ ಹೆಚ್ಚು ಗಾಡಿ ಕೆಡಿಸಿದೆ.

ಈಗ ಪರೀಕ್ಷೆ. ಒಂದು ಸಾಧಾರಣ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಇದ್ದರೆ ಸಾಕು. ಕಾರಿನಲ್ಲಿ ಸುಟ್ಟ ವಾಸನೆ ಇಲ್ಲದಿದ್ದರೆ ಬ್ಯಾಟರಿ ತೆಗೆಯುವ ಮೊದಲು ಎಲ್ಲ ಯೂನಿಟ್‌ಗಳ ಕೋಡ್ ಓದಿಸಿ, ಮೊಬೈಲಲ್ಲಿ ಫೋಟೊ ತೆಗೆದಿಡಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದರೆ ಕೋಡ್ ಅಳಿಸಿ ಹೋಗುತ್ತವೆ. ಇಸಿಎಂ ಒಂದನ್ನೇ ಓದಿ ಬಿಡುವವರೇ ಜಾಸ್ತಿ. ಎಬಿಎಸ್, ಏರ್‌ಬ್ಯಾಗ್, ಬಾಡಿ ಯೂನಿಟ್ (ದೀಪ, ಬಾಗಿಲು ಲಾಕ್ ನೋಡಿಕೊಳ್ಳುವುದು) ಏನು ಹೇಳುತ್ತವೆ ಅನ್ನುವುದೇ ಇಲ್ಲಿ ಮುಖ್ಯ.

ಬ್ಯಾಟರಿ ಚೆನ್ನಾಗಿದ್ದರೆ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬೇರೆ ಏನನ್ನೂ ನೋಡುವ ಮೊದಲು ಒಳ್ಳೆಯ ಬ್ಯಾಟರಿ ಹಾಕಿ. ವೋಲ್ಟೇಜ್ ಕುಸಿದರೆ ಯೂನಿಟ್‌ಗಳು ತಲೆಕೆಟ್ಟು ಇಲ್ಲದ ಕೋಡ್‌ಗಳನ್ನೆಲ್ಲ ಕಕ್ಕುತ್ತವೆ. ನೀವು ಚಾರ್ಜರ್ ಹಾಕಿದ್ದಿರಿ ಅಂದಮೇಲೆ ನಿಮ್ಮ ಬ್ಯಾಟರಿ ಮೊದಲೇ ಸುಸ್ತಾಗಿತ್ತು, ಅಲ್ವಾ?

ಆಮೇಲೆ ಫ್ಯೂಸ್. ಕಿತ್ತು ಕಣ್ಣಲ್ಲಿ ನೋಡಬೇಡಿ. ಜಾಗದಲ್ಲೇ ಇರಲಿ, ಕೀ ಆನ್ ಮಾಡಿ, ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಚಿಕ್ಕ ಚುಕ್ಕೆಗಳಿಗೂ ಟೆಸ್ಟ್ ಲ್ಯಾಂಪ್ ಮುಟ್ಟಿಸಿ. ಎರಡೂ ಕಡೆ ಉರಿದರೆ ಸರಿ, ಒಂದೇ ಕಡೆ ಉರಿದರೆ ಹೋಗಿದೆ. ಎರಡೂ ಕಡೆ ಉರಿಯದಿದ್ದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ, ರಿಲೇ (ಕರೆಂಟ್ ಬಿಡುವ, ತಡೆಯುವ ಸ್ವಿಚ್) ಅಥವಾ ಮೇನ್ ಫ್ಯೂಸ್ ನೋಡಿ. ಇನ್ನೊಂದು ಮಾತು. ಫ್ಯೂಸ್ ಎಲ್ಲ ಚೆನ್ನಾಗಿದೆ ಅಂದಮಾತ್ರಕ್ಕೆ ಒಳಗಿನದೆಲ್ಲ ಚೆನ್ನಾಗಿದೆ ಅಂತಲ್ಲ. ಫ್ಯೂಸ್ ಬಿಸಿಯಾಗಿ ಕರಗಬೇಕು, ಅದಕ್ಕೆ ಸಮಯ ಬೇಕು. ಸಿಡಿಲು ಅಷ್ಟು ಪುರಸೊತ್ತು ಕೊಡುವುದಿಲ್ಲ.

ಈಗ ಇಸಿಎಂ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಬರುತ್ತದಾ? ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುತ್ತದಾ? ಎರಡೂ ಇಲ್ಲದಿದ್ದರೆ ಬಹುಶಃ ಇಸಿಎಂ ಏಳುತ್ತಿಲ್ಲ. ಆಗ ವೈರಿಂಗ್ ಡಯಾಗ್ರಾಂ ನೋಡಿಕೊಂಡು ಅದರ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ ಕರೆಂಟ್ ಮತ್ತು ಅರ್ಥ್ ಪಿನ್‌ಗಳನ್ನು ಪರೀಕ್ಷಿಸಬೇಕು. ಇಲ್ಲಿ ಮೀಟರ್ ಮೋಸ ಮಾಡುತ್ತದೆ. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ 12 ವೋಲ್ಟ್ ಅಂತ ತೋರಿಸುತ್ತದೆ. ಆ ಇಂಡಿಕೇಟರ್ ಬಲ್ಬ್ ಇದಕ್ಕೇ ಬೇಕಿರುವುದು. ಕಪ್ಲರಿನ ವೈರಿಂಗ್ ಕಡೆಯ ಮುಖ್ಯ ಕರೆಂಟ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಅದನ್ನು ಉರಿಸಿ ನೋಡಿ. ಬಲ್ಬ್ ಬೆಳ್ಳಗೆ ಉರಿದರೆ ದಾರಿ ಸರಿ ಇದೆ. ಕೆಂಪಗೆ ಮಿಣಮಿಣ ಅಂದರೆ ತಂತಿ ಅಥವಾ ಅರ್ಥ್ ಕೆಟ್ಟಿದೆ. ಸಿಗ್ನಲ್ ಪಿನ್‌ಗಳಿಗೆ ಮಾತ್ರ ಬಲ್ಬ್ ಮುಟ್ಟಿಸಬೇಡಿ, ಅಲ್ಲಿ ಮೀಟರ್ ಅಷ್ಟೇ.

ಕಪ್ಲರ್ ವಾಪಸ್ ಹಾಕಿ ಥ್ರಾಟಲ್ ಸೆನ್ಸರಿನಲ್ಲೋ (ಗಾಳಿಯ ಬಾಗಿಲು ಎಷ್ಟು ತೆರೆದಿದೆ ಅಂತ ಹೇಳುವುದು) ಮ್ಯಾಪ್ ಸೆನ್ಸರಿನಲ್ಲೋ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) 5 ವೋಲ್ಟ್ ಬರುತ್ತದಾ ನೋಡಿ. ಬಂದರೆ ಇಸಿಎಂ ಪೂರ್ತಿ ಸತ್ತಿಲ್ಲ. ಬರದಿದ್ದರೂ ತೀರ್ಪು ಕೊಡಬೇಡಿ, ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಸುಟ್ಟ ಒಂದು ಸೆನ್ಸರ್ ಆ 5 ವೋಲ್ಟನ್ನು ಕೆಳಗೆ ಎಳೆದಿರುತ್ತದೆ. ಅದನ್ನು ಬಿಚ್ಚಿದ ತಕ್ಷಣ 5 ವೋಲ್ಟ್ ಮೇಲೇಳುತ್ತದೆ.

ನಿಮ್ಮ ಗಾಡಿಯಲ್ಲಿ ಮೂರ್ನಾಲ್ಕು ದೀಪ ಒಟ್ಟಿಗೆ ಉರಿಯುತ್ತಿರುವುದರಿಂದ ನನಗೆ ಹೆಚ್ಚು ಅನುಮಾನ ಕ್ಯಾನ್ ಲೈನಿನ ಮೇಲೆ. ಯೂನಿಟ್‌ಗಳೆಲ್ಲ ತಮ್ಮತಮ್ಮಲ್ಲಿ ಮಾತಾಡುವ ಎರಡು ಹೆಣೆದ ತಂತಿಗಳು ಅವು. ಸ್ಟೀರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿನಲ್ಲಿ 16 ಪಿನ್ ಇರುತ್ತವೆ. 6 ಮತ್ತು 14ನೇ ಪಿನ್ ಸಾಮಾನ್ಯವಾಗಿ ಕ್ಯಾನ್ ಲೈನ್. ಬ್ಯಾಟರಿ ನೆಗೆಟಿವ್ ಬಿಚ್ಚಿ ಐದು ನಿಮಿಷ ಬಿಡಿ. ಮೀಟರನ್ನು ಓಮ್‌ಗೆ ಇಟ್ಟು ಆ ಎರಡು ಪಿನ್ ನಡುವೆ ಅಳೆಯಿರಿ. 60 ಓಮ್ ಬರಬೇಕು. ತಂತಿಯ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60. ನಿಮಗೆ 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್.

ಎರಡು ವರ್ಷದ ಹಿಂದೆ ಮದ್ದೂರು ಕಡೆಯಿಂದ ಬಂದ ಒಂದು ಕಾರು, ಥೇಟ್ ನಿಮ್ಮದೇ ಲಕ್ಷಣ. ಮೀಟರ್ ಇಟ್ಟರೆ 3 ಓಮ್. ಮಾಲೀಕರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಮೀಟರ್ ಅವರ ತೊಡೆ ಮೇಲಿಟ್ಟು, "ನಂಬರ್ ಬದಲಾದರೆ ಕೂಗಿ" ಅಂತ ಹೇಳಿ ನಾನು ಯೂನಿಟ್‌ಗಳ ಕಪ್ಲರ್ ಒಂದೊಂದಾಗಿ ಎಳೆಯುತ್ತಾ ಹೋದೆ. ಸ್ಪೀಡೋಮೀಟರ್ ಬೋರ್ಡಿನ ಕಪ್ಲರ್ ತೆಗೆದೆ, 3. ಸ್ಟೀರಿಂಗ್ ಯೂನಿಟ್, 3. ಬಾನೆಟ್ ಕೆಳಗೆ ಎಬಿಎಸ್ ಕಪ್ಲರಿನ ಲಾಕ್ ಎತ್ತಿ ಎಳೆದೆ. ಒಳಗಿಂದ ಕೂಗಿದರು, "ಅಣ್ಣ, ಅರವತ್ತು!" ಬ್ಯಾಟರಿ ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಹಿಡಿಯಿತು. ಅವರ ಕೈಯಲ್ಲಿ ಇಸಿಎಂ ಕೊಟೇಶನ್ ಮಡಚಿದ ಹಾಗೇ ಇತ್ತು. ಎಬಿಎಸ್ ಇಲ್ಲದೆ ಮಾಮೂಲಿ ಬ್ರೇಕಿನಲ್ಲೇ ನಿಧಾನಕ್ಕೆ ಊರು ಸೇರಿಕೊಂಡರು. ಯೂನಿಟ್ ಆಮೇಲೆ ಹಾಕಿದ್ದು. (ಬಿಚ್ಚಿದ ಯೂನಿಟ್ಟಿನೊಳಗೇ ತುದಿಯ ರೆಸಿಸ್ಟರ್ ಇದ್ದರೆ 60ರ ಬದಲು 120 ಬರುತ್ತದೆ, ಗಾಬರಿಯಾಗಬೇಡಿ.)

ಯೂನಿಟ್‌ಗಳಿಗೆ ಕೈ ಹಾಕುವ ಮೊದಲು ಹೊರಗಿಂದ ಹಾಕಿಸಿದ್ದನ್ನೆಲ್ಲ ಬಿಚ್ಚಿಬಿಡಿ. ಜಿಪಿಎಸ್ ಟ್ರ್ಯಾಕರ್, ರಿವರ್ಸ್ ಕ್ಯಾಮೆರಾ, ದೊಡ್ಡ ಸ್ಕ್ರೀನಿನ ಸ್ಟೀರಿಯೋ. ಕಂಪನಿ ಇಸಿಎಂ ಒಳಗೆ ಇಂಥ ಹೊಡೆತ ತಡೆಯಲು ಡಯೋಡ್ ಇಟ್ಟಿರುತ್ತಾರೆ. ಹೊರಗಿಂದ ಹಾಕಿಸಿದ ಈ ಸಾಮಾನುಗಳಲ್ಲಿ ಅದೂ ಎಷ್ಟೋ ಸಲ ಇರುವುದಿಲ್ಲ. ಇಸಿಎಂನಲ್ಲೂ ಕೆಲವೊಮ್ಮೆ ಆ ಡಯೋಡ್ ಮಾತ್ರ ಪ್ರಾಣ ಕೊಟ್ಟು ಮಿಕ್ಕಿದ್ದನ್ನು ಉಳಿಸಿರುತ್ತದೆ. ಬೋರ್ಡ್ ರಿಪೇರಿ ಮಾಡುವವರು ಅದನ್ನು ಬದಲಿಸಿ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಇಸಿಎಂ ತಂದು ಸುಮ್ನೆ ಸಿಕ್ಕಿಸಿದರೆ ಮಾತ್ರ ನಡೆಯುವುದಿಲ್ಲ. ಕೀ ಜೊತೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಹಿಡಿಯದಂತೆ ತಡೆಯುವುದು) ಹೊಂದಿಸದಿದ್ದರೆ ಗಾಡಿ ಹಿಡಿಯಲ್ಲ.

ಹಳದಿ ಕಪ್ಲರ್‌ಗಳು ಏರ್‌ಬ್ಯಾಗಿನವು. ಅದಕ್ಕೆ ಮೀಟರೂ ಬೇಡ, ಲ್ಯಾಂಪೂ ಬೇಡ, ನಿಮ್ಮ ಕೈಯೂ ಬೇಡ.

ದುಡ್ಡಿನ ವಿಷಯ. ನಿಮ್ಮದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಆದರೆ ಏನೂ ಸಿಗದು. ಫುಲ್ ಇನ್ಶೂರೆನ್ಸ್ ಇದ್ದರೆ ಬೆಂಕಿಯ ಜೊತೆಗೆ ಸಿಡಿಲೂ ಪಾಲಿಸಿಯಲ್ಲೇ ಬರೆದಿರುತ್ತದೆ. ಆದರೆ ಅದೇ ಪಾಲಿಸಿಯಲ್ಲಿ "ತಾನಾಗಿ ಕೆಟ್ಟ ಎಲೆಕ್ಟ್ರಿಕಲ್ ಭಾಗಕ್ಕೆ ಕೊಡುವುದಿಲ್ಲ" ಅನ್ನುವ ಸಾಲೂ ಇದೆ. ಗ್ಯಾರೇಜಿನವರು ಜಾಬ್ ಕಾರ್ಡಿನಲ್ಲಿ ಬರೀ "ಇಸಿಎಂ ಫೇಲ್" ಅಂತ ಬರೆದರೆ ಕ್ಲೇಮ್ ಅಲ್ಲೇ ನಿಲ್ಲಬಹುದು. ಸಿಡಿಲು ಅಂತ ಬರೆಸಿ. ಸುಟ್ಟ ತೆಂಗಿನ ಮರ, ಚಾರ್ಜರ್, ಟಿವಿ, ಮೋಡೆಮ್ ಎಲ್ಲದರ ಫೋಟೊ ಇರಲಿ, ಆ ಚಾರ್ಜರನ್ನು ಗುಜರಿಗೆ ಹಾಕಬೇಡಿ. ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡುವ ಮೊದಲು ಯಾವ ಭಾಗವನ್ನೂ ಬದಲಿಸಲು ಬಿಡಬೇಡಿ. ಬ್ಯಾಟರಿ ಬದಲಿಸಿದರೆ ಅರ್ಧ ಬೆಲೆ ಸವಕಳಿ ಅಂತ ಕಳೆಯುತ್ತಾರೆ, ಝೀರೋ ಡೆಪ್ (ಸವಕಳಿ ಕಳೆಯದ ಪಾಲಿಸಿ) ಇದ್ದರೆ ಲೆಕ್ಕ ಬೇರೆ.

ಗಾಡಿ ಸ್ಟಾರ್ಟ್ ಆದ ಮೇಲೆ ಆಲ್ಟರ್ನೇಟರ್ ಮರೆಯಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಹಾಕಿ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಒಳಗಿನ ಡಯೋಡ್ ಹೋಗಿದೆ. ಅದು ರಾತ್ರಿಯೆಲ್ಲ ಬ್ಯಾಟರಿ ಕುಡಿಯಬಹುದು. ಅದಕ್ಕೇ ಗಾಡಿ ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟು, ನೆಗೆಟಿವ್ ತಂತಿಗೆ ಸರಣಿಯಲ್ಲಿ ಮೀಟರ್ ಹಾಕಿ ಕರೆಂಟ್ ಅಳೆಯಿರಿ. ಮೀಟರಿನ 10 ಆಂಪಿಯರ್ ಸಾಕೆಟ್ಟೇ ಬಳಸಿ, ಆಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. 50 ಮಿಲಿ ಆಂಪಿಯರ್ ಒಳಗಿದ್ದರೆ ನಿಶ್ಚಿಂತೆ. ಜಾಸ್ತಿ ಇದ್ದರೆ ಆಲ್ಟರ್ನೇಟರಿನ ದಪ್ಪ ತಂತಿಯನ್ನೇ ಮೊದಲು ಬಿಚ್ಚಿ ನೋಡಿ, ಆಮೇಲೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಹೊಡೆತ ತಿಂದ ಯೂನಿಟ್ ಕೆಲವು ವಾರ ಸರಿಯಾಗಿದ್ದು ಆಮೇಲೆ ಕೈಕೊಡುವುದೂ ಇದೆ. ಒಂದು ತಿಂಗಳು ದೂರದ ಪ್ರಯಾಣಕ್ಕೆ ಈ ಗಾಡಿ ನೆಚ್ಚಿಕೊಳ್ಳಬೇಡಿ.

ಸದ್ಯಕ್ಕೆ ಗ್ಯಾರೇಜಿನವರಿಗೆ ಎರಡೇ ಪ್ರಶ್ನೆ ಕೇಳಿ: 6 ಮತ್ತು 14ರ ನಡುವೆ ಎಷ್ಟು ಓಮ್ ಬಂತು? ಇಸಿಎಂ ಕಪ್ಲರಿನಲ್ಲಿ ಬಲ್ಬ್ ಉರಿಯಿತಾ? ಅಳೆದೇ ಇಲ್ಲ ಅಂದರೆ ಗಾಡಿಯನ್ನು ಅಲ್ಲಿಂದ ಎಳೆಸಿಕೊಂಡು ಬನ್ನಿ.