ಫುಟ್‌ಬಾಲ್ ಪಂದ್ಯದಲ್ಲಿ ಕೋಚ್ ಗೆರೆ ಬಳಿ ನಿಂತು ರೆಫ್ರಿ ಮೇಲೆ ಕೂಗಾಡಿದರೆ ಕಾರ್ಡ್ ಕೊಡಬಹುದೇ?

ಖಂಡಿತ ಕೊಡಬಹುದು. 2019ರಿಂದ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ತೋರಿಸುವ ನಿಯಮವಿದೆ. ಬೆಂಚಿನಿಂದ ಕೂಗಿದ್ದು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡ್ ಬೀಳುತ್ತದೆ.

ಕೋಚ್ ಇರಬೇಕಾದ ಜಾಗಕ್ಕೆ ಟೆಕ್ನಿಕಲ್ ಏರಿಯಾ ಎನ್ನುತ್ತಾರೆ, ಅಂದರೆ ಬೆಂಚಿನ ಎರಡೂ ಬದಿಗೆ 1 ಮೀಟರ್. ಮುಂದೆ ಸೈಡ್ ಲೈನಿಗೆ 1 ಮೀಟರ್ ಬಾಕಿ ಇರುವವರೆಗೆ. ಕಾಸರಗೋಡಿನ ಉಪ್ಪಳ, ಕುಂಬಳೆ ಕಡೆಯ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ನಡೆಸುವವರು ಪಂದ್ಯಕ್ಕೆ ಮೊದಲೇ ಈ ಚೌಕವನ್ನು ಬಿಳಿ ಪುಡಿಯಲ್ಲಿ ಎಳೆದುಬಿಡಿ, ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಒಂದು ಸಲಕ್ಕೆ ಒಬ್ಬರೇ ಆಟದ ಸೂಚನೆ ಕೊಡಬೇಕು.

ಅಣಕದ ಚಪ್ಪಾಳೆ, ಎದುರಾಳಿಗೆ ಕಾರ್ಡ್ ಕೊಡಿ ಎಂದು ಮತ್ತೆ ಮತ್ತೆ ಕೈ ಎತ್ತಿ ತೋರಿಸುವುದು, ಬಿಡದೆ ತೀರ್ಪಿಗೆ ಗೊಣಗುವುದು: ಇವಕ್ಕೆ ಹಳದಿ. ವಾದಿಸಲೆಂದೇ ಚೌಕ ಬಿಟ್ಟು ಬಂದರೆ, ಅಥವಾ ವಿರಾಮದಲ್ಲಿ ಮೈದಾನಕ್ಕೆ ನುಗ್ಗಿ ರೆಫ್ರಿಯನ್ನು ಅಡ್ಡಗಟ್ಟಿದರೆ, ನೇರ ಕೆಂಪು.

ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇಲ್ಲದ ನಮ್ಮ ಪಂದ್ಯಗಳಲ್ಲಿ ಆಟ ಮತ್ತೆ ಶುರುವಾದ ಮೇಲೆ ರೆಫ್ರಿ ತೀರ್ಪು ಬದಲಿಸುವಂತಿಲ್ಲ. ಆಮೇಲಿನ ಕೂಗೆಲ್ಲ ಮುಂದಿನ ತೀರ್ಪಿನ ಮೇಲೆ ಹಾಕುವ ಒತ್ತಡ, ಮತ್ತು ಅದರ ಪೆಟ್ಟು ಮೊದಲು ಬೀಳುವುದು ಕೋಚ್‌ನಿಂದ ಎರಡೇ ಹೆಜ್ಜೆ ದೂರದಲ್ಲಿ ಬಾವುಟ ಹಿಡಿದು ಓಡುವ ಸಹಾಯಕ ರೆಫ್ರಿಗೆ. ರೆಫ್ರಿಗಳೇ, ಆ ಹುಡುಗರನ್ನು ಕಾಯಲಾದರೂ ಮೊದಲ ಹತ್ತು ನಿಮಿಷದೊಳಗೇ ಕೋಚ್‌ಗೆ ಎಚ್ಚರಿಕೆ ಕೊಡಿ.