ಕ್ಯಾಮ್ ಬದಲಿಸಿದ ಕ್ರೂಸರ್‌ಗೆ 6ನೇ ಗೇರ್ ಬೇಕಾ, ಪುಲ್ಲಿ ಬದಲಿಸಿದರೆ ಸಾಕಾ?

ನಿಮ್ಮದು 5 ಗೇರಿನ ಹಳೆಯ ವಿ-ಟ್ವಿನ್, ಅಂದರೆ ಎರಡು ಸಿಲಿಂಡರ್ V ಆಕಾರದಲ್ಲಿರುವ ಎಂಜಿನ್ನಿನ ಬೈಕ್. ಪ್ರೈಮರಿ (ಎಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಡ್ರೈವ್) ರೇಶಿಯೋ 1.54. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಬೆಲ್ಟಿನ ಮುಂದಿನ ಪುಲ್ಲಿ 32 ಹಲ್ಲು, ಹಿಂದಿನದು 70. ಕ್ಯಾಮ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಭಾಗ) ಬದಲಿಸಿದ್ದೀರಿ, ಹಿಂದೆ ಇನ್ನೂ ಅಗಲದ ಟೈರ್ ಹಾಕುವ ಆಸೆ ಇದೆ. 100ರಲ್ಲಿ ಹೋಗುವಾಗ ಎಂಜಿನ್ ಜಾಸ್ತಿ ತಿರುಗುತ್ತದೆ ಅನಿಸುತ್ತಿದೆ. 6 ಗೇರಿನ ಬಾಕ್ಸ್ ಹಾಕಿಸಲಾ, ಪುಲ್ಲಿ ಬದಲಿಸಲಾ, ಅಥವಾ ಬೆಲ್ಟ್ ತೆಗೆದು ಚೈನ್ ಹಾಕಲಾ ಅಂತ ಕೇಳಿದ್ದೀರಿ.

ಗೇರ್‌ಬಾಕ್ಸ್ ಈಗಲೇ ಬಿಚ್ಚಬೇಡಿ. ಮೊದಲು ಒಂದು ಸೀಮೆಸುಣ್ಣ, ಒಂದು ಟೇಪು ತಗೊಳ್ಳಿ. ಹಿಂದಿನ ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಗೆರೆ ಎಳೆಯಿರಿ. ನೀವು ಬೈಕ್ ಮೇಲೆ ಕೂತಿರಿ, ಇನ್ನೊಬ್ಬರು ನೇರವಾಗಿ ತಳ್ಳಲಿ. ಟೈರಿನ ಗೆರೆ ಮತ್ತೆ ಕೆಳಗೆ ಬಂದಾಗ ನೆಲದ ಮೇಲೆ ಇನ್ನೊಂದು ಗೆರೆ. ಎರಡರ ನಡುವಿನ ದೂರವೇ ನಿಮ್ಮ ಟೈರಿನ ನಿಜವಾದ ಸುತ್ತಳತೆ. ಟೈರ್ ಮೇಲೆ ಬರೆದ ಅಳತೆಯಿಂದಲೂ ಲೆಕ್ಕ ಹಾಕಬಹುದು, ಆದರೆ ಭಾರ ಬಿದ್ದಾಗ ಟೈರ್ ಸ್ವಲ್ಪ ಕೂರುತ್ತದೆ ಅಲ್ವಾ, ಅದು ಆ ಲೆಕ್ಕದಲ್ಲಿ ಸಿಗುವುದಿಲ್ಲ.

ಸುತ್ತಳತೆ 2 ಮೀಟರ್ ಇದೆ ಅಂದುಕೊಳ್ಳೋಣ. 100 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1667 ಮೀಟರ್, ಚಕ್ರ ಸುಮಾರು 833 ಸುತ್ತು. ನಿಮ್ಮ ಪುಲ್ಲಿ ರೇಶಿಯೋ 70 ಭಾಗಿಸು 32, ಅಂದರೆ 2.19. ಅದನ್ನು ಪ್ರೈಮರಿಯ 1.54ರಿಂದ ಗುಣಿಸಿದರೆ 3.37. ಟಾಪ್ ಗೇರ್ 1ಕ್ಕೆ 1 ಆಗಿದ್ದರೆ ಎಂಜಿನ್ ಸುಮಾರು 2800 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ನಿಜ ಹೇಳಬೇಕೆಂದರೆ ಇದು ಜಾಸ್ತಿ ಅಲ್ಲ. ನಿಮಗೆ ಅನಿಸುತ್ತಿರುವುದು ಬರೀ ವೈಬ್ರೇಷನ್ ಇರಬಹುದು. ಎಂಜಿನ್ ಮೌಂಟಿನ ರಬ್ಬರ್‌ಗಳನ್ನೂ ಒಮ್ಮೆ ನೋಡಿಬಿಡಿ.

ಮುಂದೆ 34 ಹಲ್ಲಿನ ಪುಲ್ಲಿ ಹಾಕಿದರೆ ಅದೇ ವೇಗಕ್ಕೆ 2640. ಪುಲ್ಲಿ ಹಾಗೇ ಬಿಟ್ಟು 0.86ರ ಓವರ್‌ಡ್ರೈವ್ (ರೇಶಿಯೋ 1ಕ್ಕಿಂತ ಕಮ್ಮಿ ಇರುವ) 6ನೇ ಗೇರ್ ಹಾಕಿದರೆ 2400. ಎರಡನ್ನೂ ಮಾಡಿದರೆ 2270. ಇಲ್ಲಿ ನಿಮ್ಮ ಕ್ಯಾಮ್ ಅಡ್ಡ ಬರುತ್ತದೆ. ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಆಗಿದ್ದರೆ ಅದಕ್ಕೆ ಮೇಲಿನ ಆರ್‌ಪಿಎಂ ಬೇಕು. 2800ರ ಮೇಲೆ ಎಳೆಯಲು ಶುರು ಮಾಡುವ ಎಂಜಿನ್ನನ್ನು 2300ಕ್ಕೆ ಇಳಿಸಿ ಥ್ರಾಟಲ್ ತಿರುವಿದರೆ ಅದು ಓಡುವುದಿಲ್ಲ, ತಿಣುಕುತ್ತದೆ. ಹಾಗೆ ಓಡಿಸುತ್ತಾ ಹೋದರೆ ನಾಕಿಂಗ್ (ಇಂಧನ ಸರಿಯಾಗಿ ಉರಿಯದೆ ಸಿಡಿದು ಬರುವ ಬಡಿತ) ಬರಬಹುದು, ಕ್ರ್ಯಾಂಕ್ ಬೇರಿಂಗ್ ಮೇಲೂ ಭಾರ ಬೀಳುತ್ತದೆ. ಕೆಳಗಿನ ಆರ್‌ಪಿಎಂನಲ್ಲೇ ಬಲ ಕೊಡುವ ಕ್ಯಾಮ್ ಆದರೆ ಭಯ ಇಲ್ಲ.

ನಾನು ಈ ತಪ್ಪು ಮಾಡಿದ್ದೇನೆ. ನನ್ನ ಬೈಕಿನ ಪ್ರೈಮರಿಯೂ 1.54. ಅಗಲದ ಟೈರ್ ಹಾಕಿದಾಗ ಬೆಲ್ಟಿಗೆ ಜಾಗ ಸಾಲದೆ ಚೈನ್‌ಗೆ ಬದಲಿಸಿದ್ದೆ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮುಂದೆ 24 ಹಲ್ಲು, ಹಿಂದೆ 51. ಜೊತೆಗೆ ಓವರ್‌ಡ್ರೈವ್ ಬಾಕ್ಸ್. 100ರಲ್ಲಿ 2350 ಆರ್‌ಪಿಎಂ, ಒಬ್ಬನೇ ಸಮತಟ್ಟು ರಸ್ತೆಯಲ್ಲಿ ಹೋದರೆ ಬಲು ಸೊಗಸು. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿ, ಎರಡು ಬ್ಯಾಗ್ ಕಟ್ಟಿ ಘಾಟಿ ಹತ್ತಿದೆ. 6ನೇ ಗೇರ್ ಬಳಸಲೇ ಆಗಲಿಲ್ಲ. ಅದಕ್ಕಿಂತ ಕಷ್ಟವಾಗಿದ್ದು ಏರಿನಲ್ಲಿ ನಿಲ್ಲಿಸಿ ಹೊರಡುವುದು. ಪ್ರತಿ ಸಲ ಹಾಫ್ ಕ್ಲಚ್. ನಾಲ್ಕನೇ ಸಲಕ್ಕೆ ಸುಟ್ಟ ವಾಸನೆ ಬಂತು, ಲಿವರ್‌ನ ಫ್ರೀ ಪ್ಲೇಯೇ (ಕ್ಲಚ್ ಹಿಡಿಯುವ ಮೊದಲಿನ ಸಡಿಲ ಆಟ) ಕಾಣೆಯಾಗಿತ್ತು. ಬದಿಗೆ ನಿಲ್ಲಿಸಿ ಕ್ಲಚ್ ತಣ್ಣಗಾಗುವವರೆಗೆ ಕಾಯಬೇಕಾಯಿತು.

ಊರಿಗೆ ಬಂದು ಮುಂದಿನ ಸ್ಪ್ರಾಕೆಟ್ 22ಕ್ಕೆ ಇಳಿಸಿದೆ. ಫೈನಲ್ ರೇಶಿಯೋ, ಅಂದರೆ ಹಿಂದಿನ ಹಲ್ಲು ಭಾಗಿಸು ಮುಂದಿನ ಹಲ್ಲು, 2.125ರಿಂದ 2.32ಕ್ಕೆ ಏರಿತು. ಮೊದಲ ಗೇರ್‌ನಲ್ಲಿ ಎಳೆತ ಶೇಕಡಾ 9 ಹೆಚ್ಚಾಯಿತು. 6ನೇ ಗೇರ್‌ನಲ್ಲಿ 100ಕ್ಕೆ 2560, ಅದು ನನ್ನ ಕ್ಯಾಮ್‌ಗೆ ಒಪ್ಪುತ್ತದೆ. ಓವರ್‌ಡ್ರೈವ್ ಹಾಕಿಸುವವರು ಇದನ್ನು ಮರೆತೇಬಿಡುತ್ತಾರೆ. 6ನೇ ಗೇರ್ ಬಂದ ಮೇಲೆ ಫೈನಲ್ ಡ್ರೈವ್ ಸ್ವಲ್ಪ ಗಿಡ್ಡ ಮಾಡಬಹುದು, ಅಂದರೆ ಅದರ ರೇಶಿಯೋ ಏರಿಸಬಹುದು. ಹೊರಡುವಾಗಲೂ ಬಲ, ಹೈವೇಯಲ್ಲೂ ನೆಮ್ಮದಿ.

ಹಾಗಾಗಿ ನೀವು ಹೆಚ್ಚಾಗಿ 90ರಿಂದ 110ರಲ್ಲಿ ಓಡಿಸುವವರಾದರೆ 34ರ ಪುಲ್ಲಿ ಸಾಕು. ಅದೂ ಜೊತೆಗೊಬ್ಬರು, ಬ್ಯಾಗು, ಏರು ಇವೆಲ್ಲ ಕಮ್ಮಿ ಇದ್ದರೆ ಮಾತ್ರ. ದಿನವಿಡೀ 120ರಲ್ಲಿ ಹೋಗುವವರಿಗೆ ಲೆಕ್ಕ ಬೇರೆ. ಆಗ ಈಗಿನ ಗೇರಿಂಗ್‌ನಲ್ಲಿ 3370 ಆರ್‌ಪಿಎಂ, ಓವರ್‌ಡ್ರೈವ್‌ನಲ್ಲಿ 2900. ಆ ಖರ್ಚಿಗೆ ಅರ್ಥ ಇದೆ.

ಬೆಲ್ಟ್ ನನಗೆ ಇವತ್ತಿಗೂ ಇಷ್ಟ. ಸದ್ದಿಲ್ಲ, ಎಣ್ಣೆ ಹಚ್ಚುವ ಕೆಲಸ ಇಲ್ಲ. ಹಾರ್ಲೆ-ಡೇವಿಡ್‌ಸನ್ 1980ರ ಸ್ಟರ್ಜಿಸ್ ಮಾಡೆಲ್‌ನಲ್ಲಿ ಪ್ರೈಮರಿ, ಫೈನಲ್ ಎರಡಕ್ಕೂ ಬೆಲ್ಟ್ ಕೊಟ್ಟಿತ್ತು. ಆದರೆ ಹಲ್ಲುಗಳಲ್ಲಿ ಆಯ್ಕೆ ಕಮ್ಮಿ, ಒಳಗೆ ಕಲ್ಲು ಸಿಕ್ಕಿಕೊಂಡರೆ ಬೆಲ್ಟ್ ಹಾಳು. ಪುಲ್ಲಿ ದೊಡ್ಡದು ಮಾಡಿದರೆ ಆಕ್ಸಲ್ ಮುಂದಕ್ಕೆ ಬರಬೇಕು. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಉಳಿದಿದೆಯಾ, 34ರ ಪುಲ್ಲಿ ಕವರ್‌ಗೆ ತಾಗುತ್ತದಾ, ಮೊದಲೇ ನೋಡಿ. ಇಲ್ಲದಿದ್ದರೆ ಉದ್ದದ ಬೆಲ್ಟ್ ಬೇಕಾಗುತ್ತದೆ. ಇನ್ನೂ ರೇಶಿಯೋ ಹುಡುಕುತ್ತಿರುವವರಿಗೆ ಚೈನ್ ಸುಲಭ, ಒಂದೆರಡು ಹಲ್ಲು ಆಚೀಚೆ ಮಾಡಿ ನೋಡಬಹುದು. 530 ಅಳತೆಯ ಚೈನ್ ಬೆಲ್ಟಿಗಿಂತ ಕಿರಿದು, ಅಗಲದ ಟೈರ್ ಪಕ್ಕ ಸರಾಗವಾಗಿ ಕೂರುತ್ತದೆ. ಟೈರಿಗೋಸ್ಕರ ಸ್ಪ್ರಾಕೆಟ್ ಹೊರಗೆ ಸರಿಸಿದರೆ ಮಾತ್ರ ಗೇರ್‌ಬಾಕ್ಸ್ ಬೇರಿಂಗ್‌ಗೆ ಏಟು. ತುಂಬಾ ಹೊರಗೆ ಹೋದರೆ ಹೊರಗಡೆ ಇನ್ನೊಂದು ಬೇರಿಂಗ್ ಆಸರೆ ಕೊಡಿಸಿ.

ಸ್ಪೀಡೋಮೀಟರ್ ಸೆನ್ಸರ್ ಗೇರ್‌ಬಾಕ್ಸ್‌ನಲ್ಲಿದ್ದರೆ 34 ಹಾಕಿದ ಮೇಲೆ ಅದು ತಪ್ಪು ತೋರಿಸುತ್ತದೆ. ಮೀಟರ್ 100 ಅಂದಾಗ ನೀವು 106ರಲ್ಲಿರುತ್ತೀರಿ. ಫೋನಿನ ಜಿಪಿಎಸ್ ಜೊತೆ ಹೋಲಿಸಿ ಸರಿ ಮಾಡಿಸಿಕೊಳ್ಳಿ.

ಇನ್ನೊಂದು. ಮುಂದಿನ ಪುಲ್ಲಿಯ ನಟ್ ಇಂಥ ಹಲವು ಬೈಕುಗಳಲ್ಲಿ ಉಲ್ಟಾ ಥ್ರೆಡ್, ಬಲಕ್ಕೆ ತಿರುವಿದರೆ ಬಿಚ್ಚುತ್ತದೆ. ಪೈಪ್ ಸಿಕ್ಕಿಸಿ ಜೋರಾಗಿ ತಿರುವುವ ಮೊದಲು ಮ್ಯಾನುಯಲ್ ನೋಡಿ.