ಎಷ್ಟು ಜಾಗ ನೋಡಬಹುದು ಅನ್ನುವುದನ್ನು ಬಿಡಿ, ಅಮ್ಮ ನೀರು ಕುಡಿದರಾ ನೋಡಿ

ಅರವತ್ತು ದಾಟಿದ ಅಮ್ಮ, ಮೊದಲ ವಿದೇಶ ಪ್ರವಾಸ, ಐದು ದಿನ ಸಿಂಗಾಪುರ, ನಡುವೆ ಒಂದು ದಿನ ಮಲೇಷ್ಯಾ, ಜೊತೆಗೆ ಸಸ್ಯಾಹಾರ ಸಿಗುತ್ತದಾ ಅನ್ನುವ ಚಿಂತೆ. ನಿಮ್ಮ ಪ್ರಶ್ನೆ ಓದುವಾಗ ಎದೆ ಧಸಕ್ಕೆಂದಿತು. ನಿಮ್ಮ ಪಟ್ಟಿಯಲ್ಲಿ ಹದಿನಾಲ್ಕು ಜಾಗ ಇವೆ, ಅವನ್ನೆಲ್ಲ ಹೇಗೆ ಹೊಂದಿಸಲಿ ಅಂತ ಕೇಳಿದ್ದೀರಿ. 2019ರಲ್ಲಿ ನಾನು ನನ್ನ ಅಮ್ಮನನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋದಾಗ ನನ್ನ ಪಟ್ಟಿಯಲ್ಲಿ ಹದಿನಾರು ಇದ್ದವು.

ಬೆಳಗಿನ ಜಾವ ಇಳಿದೆವು. ಸ್ನಾನ ಮಾಡಿ, ತಿಂಡಿ ತಿಂದು, ಹತ್ತು ಗಂಟೆಗೆ ಬೊಟಾನಿಕ್ ಗಾರ್ಡನ್ಸ್. ಅಲ್ಲಿಂದ ಮಲಯ್ ಜನರ ಹಳೇ ಬಡಾವಣೆ ಕಂಪೋಂಗ್ ಗ್ಲಾಮ್. ಎರಡಕ್ಕೆ ಚೈನಾಟೌನ್. ನಾಲ್ಕಕ್ಕೆ ಗಾರ್ಡನ್ಸ್ ಬೈ ದ ಬೇ. ಎಲ್ಲ ಕಡೆ ಮೆಟ್ರೋ ಇದೆ, ಆಟೋದವರ ಹತ್ತಿರ ಚೌಕಾಸಿ ಇಲ್ಲ, ಒಂದು ದಿನಕ್ಕೆ ನಾಲ್ಕು ಜಾಗ ಏನು ಕಷ್ಟ ಅಂದುಕೊಂಡಿದ್ದೆ.

ಮಧ್ಯಾಹ್ನ ಒಂದು ಗಂಟೆ. ಕಂಪೋಂಗ್ ಗ್ಲಾಮಿನ ಬುಸ್ಸೋರಾ ಸ್ಟ್ರೀಟಿನಲ್ಲಿ ಸುಲ್ತಾನ್ ಮಸೀದಿಯ ಎದುರು ನಿಂತಿದ್ದೆವು. ಆ ಮಸೀದಿಯ ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪಗೆ ಮಿನುಗುವ ಒಂದು ಪಟ್ಟಿ ಇದೆ. ಹತ್ತಿರದಿಂದ ನೋಡಿದರೆ ಅದೆಲ್ಲ ಗಾಜಿನ ಬಾಟಲಿಗಳ ತಳ. ಕಟ್ಟುವಾಗ ಬಡವರದ್ದೂ ಪಾಲಿರಲಿ ಎಂದು ಅವರಿಂದ ಬಾಟಲಿ ಪಡೆದು ಅಲ್ಲಿ ಕೂರಿಸಿದರು. ನಾನು ಕತ್ತೆತ್ತಿ ಅದನ್ನೇ ಅಮ್ಮನಿಗೆ ವಿವರಿಸುತ್ತಿದ್ದೆ. ಹಿಂದಿನಿಂದ "ಯಾಕೋ ಕಣ್ಣು ಕತ್ತಲೆ ಬರ್ತಿದೆ ಕಣೇ" ಅನ್ನುವುದು ಕೇಳಿಸಿತು. ತಿರುಗುವಷ್ಟರಲ್ಲಿ ಅಮ್ಮ ರಸ್ತೆ ಅಂಚಿನಲ್ಲಿ ಕುಸಿದು ಕೂತಿದ್ದಳು. ಮುಖದಲ್ಲಿ ರಕ್ತವೇ ಇಲ್ಲ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ.

ಫೋನಿನಲ್ಲಿ ನೋಡಿದಾಗ 32 ಡಿಗ್ರಿ ತೋರಿಸಿತ್ತು. ಬೆಂಗಳೂರಿನ ಏಪ್ರಿಲ್‌ನಲ್ಲಿ 35, 36 ಕಂಡವರು ನಾವು, ಇದೇನು ಮಹಾ ಅಂದುಕೊಂಡೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಬಿಸಿಲು ಎಷ್ಟೇ ಸುಟ್ಟರೂ ಮರದ ಕೆಳಗೆ ಬಂದರೆ ಬೆವರು ಆರುತ್ತದೆ, ಸಂಜೆಗೆ ತಣ್ಣನೆ ಗಾಳಿ ಬೀಸುತ್ತದೆ. ಸಿಂಗಾಪುರ ಸಮುದ್ರದ ಮಟ್ಟದಲ್ಲೇ ಇರುವ ದ್ವೀಪ. ಭೂಮಧ್ಯರೇಖೆ ಅಲ್ಲಿಂದ ಬರೀ 137 ಕಿಲೋಮೀಟರ್. ಗಾಳಿಯ ತುಂಬ ನೀರು. ಬೆವರು ಸುರಿಯುತ್ತದೆ, ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಮಂಗಳೂರು, ಉಡುಪಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಡವುವುದು ನಮ್ಮಂಥ ಘಟ್ಟದ ಮೇಲಿನವರು.

ಇದು ಅರ್ಧ ತಪ್ಪು. ಇನ್ನರ್ಧ ಇದಕ್ಕಿಂತ ದೊಡ್ಡದು. ಬೆಳಿಗ್ಗೆ ಅಮ್ಮನ ಬ್ಯಾಗಿಗೆ ನಾನೇ ಒಂದು ನೀರಿನ ಬಾಟಲಿ ಹಾಕಿದ್ದೆ. ಅವಳು ಕುಸಿದಾಗ ಗಾಬರಿಯಲ್ಲಿ ಅದನ್ನು ತೆಗೆದರೆ, ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಮೂರು ಗಂಟೆ ಬಿಸಿಲಲ್ಲಿ ನಡೆದವಳು ಒಂದು ಗುಟುಕೂ ಕುಡಿದಿರಲಿಲ್ಲ. ಯಾಕೆ ಗೊತ್ತಾ? ಶೌಚಾಲಯ ಎಲ್ಲಿ ಸಿಗುತ್ತದೋ, ಹೇಗಿರುತ್ತದೋ ಅನ್ನುವ ಭಯ. ಧರ್ಮಸ್ಥಳದ ಬಸ್ಸು ಹತ್ತುವ ದಿನ ಬೆಳಗಿನ ಕಾಫಿಯನ್ನೂ ಬಿಡುವವಳು ನನ್ನ ಅಮ್ಮ. ನಮ್ಮ ಕಡೆ ಎಷ್ಟೋ ಹೆಂಗಸರು ಹಾಗೇ ಬದುಕಿದ್ದಾರೆ. ಚಿಕ್ಕಂದಿನಿಂದ ನೋಡಿದ್ದರೂ ನನಗೆ ಅದು ಹೊಳೆಯಲಿಲ್ಲ. ಸಿಂಗಾಪುರದಲ್ಲಿ ಮೆಟ್ರೋ ನಿಲ್ದಾಣ, ಮಾಲ್, ಊಟದ ಅಂಗಳ ಎಲ್ಲ ಕಡೆ ಶೌಚಾಲಯ ಸಿಗುತ್ತದೆ. ಹೊರಡುವ ಮೊದಲು ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹದಿನಾರು ಜಾಗದ ಟಿಕೆಟ್ ದರ ಬಾಯಿಪಾಠ ಮಾಡಿದ್ದೆ, ಅಮ್ಮನಿಗೆ ಇದನ್ನು ಹೇಳಲಿಲ್ಲ.

ಮುಂದಿನ ಹತ್ತು ನಿಮಿಷ ನಾನು ಸಾಯುವವರೆಗೆ ಮರೆಯುವುದಿಲ್ಲ. ಪಕ್ಕದ ಅಂಗಡಿಯ ಮಲಯ್ ಯಜಮಾನರು ಓಡಿಬಂದು ಅಮ್ಮನನ್ನು ಎತ್ತಿ ಜಗಲಿಯ ನೆರಳಿಗೆ ತಂದರು. ಹಂಡ್ರೆಡ್ ಪ್ಲಸ್ ಅಂತ ಅಲ್ಲೊಂದು ಪಾನೀಯ ಸಿಗುತ್ತದೆ. ಬೆವರಿ ಸುಸ್ತಾದವರಿಗೆ ಕುಡಿಸುತ್ತಾರೆ. ಅದನ್ನು ತಂದುಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಚೀನೀ ಅಜ್ಜಿ ಕೈಚೀಲದಿಂದ ಪುಟ್ಟ ಬಾಟಲಿ ತೆಗೆದು ಅಮ್ಮನ ಹಣೆಯ ಎರಡೂ ಬದಿಗೆ ಎಣ್ಣೆ ತಿಕ್ಕಿದರು. ಅಮ್ಮ ಕಣ್ಣು ಬಿಟ್ಟು ಮೊದಲು ನೋಡಿದ್ದು ಆ ಬಾಟಲಿಯನ್ನು. "ಇದು ನಮ್ಮನೆ ಆಕ್ಸ್ ಎಣ್ಣೆ ಅಲ್ವಾ!" ಹೌದು, ಕೊಡಲಿ ಗುರುತಿನ ಅದೇ ಎಣ್ಣೆ. ದುಬೈನಿಂದ ಚಿಕ್ಕಪ್ಪ ಪ್ರತಿ ಸಲ ತರುತ್ತಿದ್ದದ್ದು. ಅದು ಸಿಂಗಾಪುರದ್ದೇ ಅಂತ ನಮಗೆ ಗೊತ್ತಾದದ್ದು ಆವತ್ತು.

ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿದರು. ಎರಡು ದಿನ ಬಿಸಿಲಿಗೆ ಹೋಗಬೇಡಿ ಅಂದರು. ನಮ್ಮ ದುಡ್ಡಿನಲ್ಲಿ 20 ಸಾವಿರದ ಹತ್ತಿರ ಆಯಿತು. ಪ್ರಯಾಣದ ವಿಮೆ ಮಾಡಿಸಿರಲಿಲ್ಲ. ಮಲೇಷ್ಯಾದ ಮಲಾಕಾ ಊರಿಗೆ ಮುಂಗಡ ಕಟ್ಟಿದ್ದ ಬಸ್ಸು, ರೂಮಿನ ದುಡ್ಡೂ ಹೋಯಿತು.

ಆ ಎರಡು ದಿನ ಹೇಗೆ ಕಳೆದೆವು ಅನ್ನುವುದೇ ನಿಮಗೆ ನನ್ನ ಉತ್ತರ. ಲಿಟಲ್ ಇಂಡಿಯಾದಲ್ಲಿ ನಮ್ಮ ರೂಮು. ಬೆಳಿಗ್ಗೆ ತೆಕ್ಕಾ ಸೆಂಟರಿನ ತರಕಾರಿ ಮಾರುಕಟ್ಟೆಗೆ ಹೋಗುತ್ತಿದ್ದೆವು. ನುಗ್ಗೆಕಾಯಿ, ಬಾಳೆಹೂವು, ಕರಿಬೇವು ಎಲ್ಲ ಮುಟ್ಟಿ ನೋಡಿ ಅಮ್ಮನಿಗೆ ಜೀವ ಬಂತು. ಅವಳು ಬೆಂಗಳೂರಿನ ಶ್ರೀರಾಮಪುರದಲ್ಲಿ ತಮಿಳರ ನಡುವೆ ಬೆಳೆದವಳು, ತಮಿಳು ಚೆನ್ನಾಗಿ ಬರುತ್ತದೆ. ಸೆರಂಗೂನ್ ರಸ್ತೆಯ ಹೂವಿನಂಗಡಿಯವರ ಜೊತೆ ಮಲ್ಲಿಗೆ ದಾರದ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಸಂಜೆ ಪಕ್ಕದ ಸರ್ಕಾರಿ ವಸತಿ ಕಟ್ಟಡದ ಕೆಳಗೆ ಕೂರುತ್ತಿದ್ದೆವು. ಅಲ್ಲಿ ಹೆಚ್ಚಿನ ಜನ ಇಂಥ ಕಟ್ಟಡಗಳಲ್ಲೇ ಇರುವುದು. ನೆಲಮಹಡಿಯನ್ನು ಖಾಲಿ ಬಿಟ್ಟು ಕಲ್ಲುಬೆಂಚು ಹಾಕಿರುತ್ತಾರೆ. ಮಲಯ್ ಮದುವೆಯೂ ಅಲ್ಲೇ, ಚೀನೀಯರ ಸಾವಿನ ಕಾರ್ಯವೂ ಅಲ್ಲೇ. ಅಮ್ಮ ಒಬ್ಬ ಚೀನೀ ಹೆಂಗಸಿನ ಪಕ್ಕ ಕೂತು, ಭಾಷೆಯೇ ಇಲ್ಲದೆ, ಮಂಡಿ ಒತ್ತಿ ತೋರಿಸಿ ನೋವಿನ ಕಥೆ ಹೇಳಿಕೊಂಡಳು. ಅವರೂ ತಮ್ಮ ಮಂಡಿ ತೋರಿಸಿದರು.

ಮೂರನೇ ಸಂಜೆ ಚೈನಾಟೌನಿನ ಸೌತ್ ಬ್ರಿಡ್ಜ್ ರಸ್ತೆಗೆ ಹೋದೆವು. ಅಲ್ಲಿನ ಮಾರಿಯಮ್ಮನ್ ಗುಡಿ 1827ರದ್ದು. "ಚೀನಾದವರ ಬೀದಿಯಲ್ಲಿ ನಮ್ಮ ಮಾರಮ್ಮನಾ!" ಅಂತ ಅಮ್ಮ ನಿಂತೇಬಿಟ್ಟಳು. ನಾಲ್ಕು ಹೆಜ್ಜೆ ಆಚೆ ಜಾಮೆ ಮಸೀದಿ, ತಮಿಳುನಾಡಿನಿಂದ ಬಂದ ಮುಸ್ಲಿಮರು ಕಟ್ಟಿದ್ದು. ನನ್ನ ಪಟ್ಟಿಯ ಪ್ರಕಾರ ಎರಡು ಗಂಟೆಗೆ ಬಂದಿದ್ದರೆ ಗುಡಿಯ ಬಾಗಿಲೇ ಮುಚ್ಚಿರುತ್ತಿತ್ತು. ಮಧ್ಯಾಹ್ನ ದೇವರಿಗೂ ವಿಶ್ರಾಂತಿ.

ಹಾಗಾಗಿ ಹದಿನಾಲ್ಕು ಜಾಗವನ್ನು ಹೇಗೆ ಹೊಂದಿಸಲಿ ಅಂದರೆ ನಾನು ಹೊಂದಿಸಿಕೊಡುವುದಿಲ್ಲ. ದಿನಕ್ಕೆ ಎರಡು ಸಾಕು. ಬೆಳಿಗ್ಗೆ ಒಂದು, ಸಂಜೆ ಒಂದು. ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ, ಮುಳುಗುವುದೂ ಏಳಕ್ಕೆ. ಬೊಟಾನಿಕ್ ಗಾರ್ಡನ್ಸ್ ಬೆಳಿಗ್ಗೆ 5ಕ್ಕೇ ತೆರೆದಿರುತ್ತದೆ, ದುಡ್ಡಿಲ್ಲ. ಏಳಕ್ಕೆ ಹೋಗಿ, ಹತ್ತಕ್ಕೆ ಹೊರಗೆ ಬನ್ನಿ. ಹನ್ನೊಂದರಿಂದ ನಾಲ್ಕರವರೆಗೆ ಮ್ಯೂಸಿಯಂ, ಇಲ್ಲವೇ ನಿದ್ದೆ. ಗಾರ್ಡನ್ಸ್ ಬೈ ದ ಬೇಯಲ್ಲಿ ದೊಡ್ಡ ಉಕ್ಕಿನ ಮರಗಳ ದೀಪದ ಆಟ 7.45ಕ್ಕೆ ಮತ್ತು 8.45ಕ್ಕೆ, ಅದೂ ಪುಕ್ಕಟೆ. ಹಳೇ ಬೀದಿಗಳಲ್ಲಿ ರಸ್ತೆ ಮಧ್ಯೆ ನಡೆಯಬೇಡಿ, ಅಂಗಡಿ ಮುಂದಿನ ಜಗಲಿಯಲ್ಲಿ ನಡೆಯಿರಿ. ಪ್ರತಿ ಮನೆಗೂ ಮುಂದೆ ಸೂರಿರುವ ಜಗಲಿ ಬಿಡಬೇಕು ಅಂತ 1822ರಲ್ಲೇ, ಅಲ್ಲಿ ಬ್ರಿಟಿಷರ ನೆಲೆ ಶುರುಮಾಡಿದ ರಾಫಲ್ಸ್ ನಿಯಮ ಮಾಡಿದ್ದ, ಬಿಸಿಲು ಮಳೆ ಎರಡಕ್ಕೂ. ಆ ಜಗಲಿ ಬಿಟ್ಟು ನಾನು ಅಮ್ಮನನ್ನು ಬಿಸಿಲಲ್ಲಿ ನಡೆಸಿದೆ.

ಮಲೇಷ್ಯಾ ಈ ಸಲ ಬೇಡವೇ ಬೇಡ. ಗಡಿಯಲ್ಲಿ ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸಬೇಕು, ವಾಪಸ್ ಬರುವುದಕ್ಕೆ ಸಿಂಗಾಪುರದ ವೀಸಾದಲ್ಲಿ ಎರಡನೇ ಪ್ರವೇಶವೂ ಇರಬೇಕು.

ಊಟದ ಚಿಂತೆ ಸುಮ್ನೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ಇಡ್ಲಿ ದೋಸೆಗೆ ಬರವಿಲ್ಲ. ಬೇರೆ ಕಡೆ ತಿನ್ನುವಾಗ ಮಾತ್ರ ಸಾಂಬಾಲ್ ಹಾಕಿದ್ದಾರಾ ಕೇಳಿ. ಆ ಕೆಂಪು ಚಟ್ನಿಗೆ ಸಾಮಾನ್ಯವಾಗಿ ಬೆಲಚಾನ್ ಹಾಕುತ್ತಾರೆ, ಅದು ಸೀಗಡಿಯದ್ದು. ಬರೀ ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ಊಟ ಆದಮೇಲೆ ತಟ್ಟೆ ನೀವೇ ಎತ್ತಿಡಬೇಕು. ಹಲಾಲ್ ತಟ್ಟೆಗೆ ಬೇರೆ ಜಾಗ ಇರುತ್ತದೆ, ಬೋರ್ಡು ನೋಡಿ ಇಡಿ.

ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಬಾಟಲಿ ಅಮ್ಮನ ಬ್ಯಾಗಿನಲ್ಲಿ ಬೇಡ, ನಿಮ್ಮ ಕೈಯಲ್ಲಿರಲಿ. ಗಂಟೆಗೊಮ್ಮೆ ಎಷ್ಟು ಇಳಿದಿದೆ ನೋಡಿ. ಅವರಿಗೆ ಬಿಪಿ ಮಾತ್ರೆ ಇದ್ದರೆ ಈ ಸೆಕೆಯ ವಿಷಯ ಈಗಲೇ ಡಾಕ್ಟರ ಹತ್ತಿರ ಕೇಳಿ. ಯಾವ ತಿಂಗಳು ಹೋಗುತ್ತಿದ್ದೀರಿ ಅಂತ ತಿಳಿಸಿ. ನವೆಂಬರ್‌ನಿಂದ ಜನವರಿ ಆದರೆ ಮಳೆ ಜಾಸ್ತಿ, ಬೆಳಗಿನ ಜಾಗಗಳನ್ನು ಸ್ವಲ್ಪ ಬದಲಿಸಿ ಬರೆಯುತ್ತೇನೆ.